ಅತ್ತೆಯ ಮೈಗೆ ಕಿವಿಯಿಟ್ಟು

ಫೆಬ್ರುವರಿ ೩, ಸೋಮವಾರ

ಕೇಳು, ಎಲೈ ನೋಟ್‌ಬುಕ್ಕೇ! ಇಂದಿನಿಂದ ನೀನೇ ನನ್ನ ಸಭೆ, ನೀನೇ ನನ್ನ ಸಾಕ್ಷಿ. ಮೂವತ್ತೊಂದು ವರ್ಷ ನಾಟಕ ಕಂಪನಿಗೆ ಪರದೆ, ಪೋಷಾಕು ಹೊಲಿದ ದರ್ಜಿ ನಾನು. ಈಗ ಗುಡ್ಡದ ಮೇಲಿರುವ ಸೇನೆಯ ಬಲೂನಿಗೆ ತೇಪೆ ಹಾಕುವವನು. ಯಾರಿಗೂ ಹೇಳಲಾಗದ ಮಾತೊಂದನ್ನು ನಿನಗೆ ಹೇಳುತ್ತೇನೆ. ಬಲೂನಿನಲ್ಲಿ ತೂತುಗಳು ಬೀಳುತ್ತಿವೆ. ತಾವಾಗಿ ಬೀಳುತ್ತಿಲ್ಲ. ಯಾರೋ ಚುಚ್ಚುತ್ತಿದ್ದಾರೆ!

ಬಲೂನು ಎಂದರೆ ಮಕ್ಕಳ ಕೈಯ ಬಲೂನಲ್ಲ. ಹಡಗಿನಷ್ಟು ಉದ್ದ, ಹಾಲಿನಷ್ಟು ಬಿಳುಪು. ಹೊಟ್ಟೆಗೆ ರಾಡಾರ್ ಕಟ್ಟಿಕೊಂಡು, ಒಂದೇ ಒಂದು ಹಗ್ಗದ ಆಧಾರದಲ್ಲಿ ಮೂರು ಕಿಲೋಮೀಟರ್ ಎತ್ತರದಲ್ಲಿ ನಿಲ್ಲುತ್ತದೆ. ನೆಲದ ರಾಡಾರಿಗೆ ಗುಡ್ಡದ ಆಚೆ ಕಾಣದು. ಕ್ಷಿಪಣಿ ತಗ್ಗಿನಲ್ಲಿ ನೆಲ ಸವರಿಕೊಂಡು ಬಂದರೆ ಬಾಗಿಲು ತಟ್ಟಿದಾಗಲೇ ಗೊತ್ತು. ಇವಳಿಗೆ ಮೇಲಿನಿಂದ ಎಲ್ಲವೂ ಕಾಣುತ್ತದೆ. ಅದಕ್ಕೇ ನಾವೆಲ್ಲ ಇವಳನ್ನು 'ಅತ್ತೆ' ಎನ್ನುವುದು. ಅತ್ತೆಯ ಕಣ್ಣು ತಪ್ಪಿಸಿ ಅಡುಗೆಮನೆಯ ಚಮಚವೂ ಅಲುಗದು.

ಎರಡು ವರ್ಷದ ಹಿಂದೆ ಅತ್ತೆ ಇರಲಿಲ್ಲ. ಒಂದು ಮಧ್ಯಾಹ್ನ ಗುಡ್ಡದ ಬುಡ ಸವರಿ ಬಂದ ಕ್ಷಿಪಣಿ ನಮ್ಮ ನಾಟಕ ಮಂದಿರವನ್ನೇ ನುಂಗಿತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ, ನನ್ನ ನಲವತ್ತು ಮೊಳದ ಕಡುಗೆಂಪು ಪರದೆಯ ಹೊರತು. ಅದರ ಒಂದು ದಾರವೂ ಸಿಗಲಿಲ್ಲ. ಆ ದಿನವೇ ಶಪಥ ಮಾಡಿದೆ. ಅತ್ತೆಯನ್ನು ಚುಚ್ಚುವವನು ನನ್ನ ಪರದೆಯನ್ನು ಸುಟ್ಟವನ ತಮ್ಮ!

ಸೋಮವಾರ ಅವಳನ್ನು ಶೆಡ್ಡಿಗೆ ಇಳಿಸುತ್ತಾರೆ. ನಾನು ಏಣಿ ಹತ್ತಿ, ಒಂದೊಂದೇ ಹೊಲಿಗೆಗೆ ಕೆನ್ನೆ ಒತ್ತಿ, ಕಿವಿಯಿಟ್ಟು ಕೇಳುತ್ತೇನೆ. ಪರದೆಯ ಹಿಂದೆ ನಿಂತು ಸಭೆ ತುಂಬಿದೆಯೋ ಇಲ್ಲವೋ ಎಂದು ಉಸಿರಿನಲ್ಲೇ ಅಳೆದ ಕಿವಿ ಇದು. ಗಾಳಿ ಸೋರುವ 'ಸುಯ್' ಎಂಬ ಸದ್ದು ಇದಕ್ಕೆ ತಪ್ಪದು. ಮಂಗಳವಾರ ಸೋಪಿನ ನೀರು ಹಚ್ಚಿ ಮತ್ತೊಮ್ಮೆ ನೋಡುತ್ತೇವೆ, ಬುಧವಾರ ಏರಿಸುತ್ತಾರೆ. ಇಂದು ಎಡಮೈಯ ಹದಿನಾಲ್ಕರಿಂದ ಇಪ್ಪತ್ತನೆಯ ಬಟ್ಟೆಪಟ್ಟಿಯವರೆಗೆ ಕೇಳಿದೆ. ನಿಶ್ಶಬ್ದ. ನೋಡೋಣ ನಾಳೆ.

ಫೆಬ್ರುವರಿ ೪, ಮಂಗಳವಾರ

ಏಳು! ಏಳು ತೂತು! ಅದೂ ಎಲ್ಲಿ? ನಿನ್ನೆ ನಾನು ಕಿವಿಯಿಟ್ಟು 'ಸರಿ' ಎಂದ ಹದಿನಾಲ್ಕರಿಂದ ಇಪ್ಪತ್ತರ ನಡುವೆಯೇ. ನಾನು ಮುಟ್ಟದ ಬಲಮೈಯಲ್ಲಿ ಒಂದೂ ಇಲ್ಲ. ಅಂದರೆ ನನ್ನ ಬೆನ್ನ ಹಿಂದೆಯೇ ಬರುತ್ತಿದ್ದಾನೆ. ನಾನು ಪರೀಕ್ಷಿಸಿದ ಜಾಗವನ್ನು ಯಾರೂ ಮತ್ತೆ ನೋಡುವುದಿಲ್ಲ ಎಂದು ಬಲ್ಲವನು. ಒಳಗಿನವನು!

ಹೊರಗಿನಿಂದ ಬರಲು ಸಾಧ್ಯವೇ ಇಲ್ಲ. ಗೇಟಿನ ಕಾವಲುಗಾರನ ದರ್ಬಾರು ನೋಡಬೇಕು.

"ಮಹಾರಾಜರು ಬಿಜಯಂಗೈಯಬೇಕು! ಹಂಗೇ ಜೇಬು ಖಾಲಿ ಮಾಡಬೇಕು!"

ಬೀಗದ ಕೈ, ಪೆನ್ನು, ಬೆಲ್ಟು, ಉಂಗುರ ಎಲ್ಲ ಅವನ ತಟ್ಟೆಗೆ. ಕತ್ತರಿ ಸಹ ಹೊರಗಿನ ಕೋಣೆಯಲ್ಲೇ. ತೇಪೆ ಕತ್ತರಿಸಿಕೊಂಡು ಅಂಟು, ತೇಪೆ ಒತ್ತುವ ಉರುಳೆ ಮಾತ್ರ ಹಿಡಿದು ಒಳಗೆ ಹೋಗಬೇಕು.

"ಒಂದು ಗುಂಡುಪಿನ್ನೂ ನನ್ನ ದಾಟಿ ಹೋಗಲ್ಲ ಮಹಾರಾಜ್ರೇ," ಅಂದ. ಆಮೇಲೆ ದನಿ ತಗ್ಗಿಸಿ, "ಬರೋ ವರ್ಷ ಅತ್ತೆಗೆ ಹೊಸ ಬಟ್ಟೆ ಬರುತ್ತಂತಲ್ಲ? ತೂತು ಬಿದ್ರೆ ತಾನೇ ಮುಚ್ಕೊಳ್ಳುತ್ತಂತೆ. ಆಗ ನಿಮ್ಮ ಕಥೆ?"

"ಕಲಾವಿದನಿಗೆ ರಂಗ ತಪ್ಪೀತು, ಕಲೆ ತಪ್ಪೀತೇ!" ಎಂದು ಗರ್ಜಿಸಿ ಒಳಗೆ ನಡೆದೆ. ಅವನು ನನ್ನನ್ನು ಮಹಾರಾಜ ಎನ್ನುವುದಕ್ಕೆ ಒಂದು ಕಥೆಯಿದೆ. ಒಮ್ಮೆ ಅಂತಿಮ ದೃಶ್ಯದಲ್ಲಿ ರಾಜನ ನಿಲುವಂಗಿ ಬೆನ್ನಲ್ಲಿ ಪರ್ರನೆ ಹರಿಯಿತು. ನಾನು ಈಟಿ ಹಿಡಿದು ಸೈನಿಕನಾಗಿ ನುಗ್ಗಿ, ಅವನು ಮಾತು ನಿಲ್ಲಿಸುವಷ್ಟರಲ್ಲಿ ಹಿಂದಿನಿಂದ ಹೊಲಿದು ಮುಗಿಸಿದ್ದೆ! ಸಭೆಗೆ ಗೊತ್ತೇ ಆಗಲಿಲ್ಲ. ಸೂಜಿ ಹುಡುಕುವವನು ದರ್ಜಿಯೇ ಅಲ್ಲ ಎನ್ನುತ್ತಿದ್ದರು ನನ್ನ ಗುರುಗಳು. ಕೈ ಕಾಲರಿನ ಒಳಮಗ್ಗುಲಿಗೆ ಹೋದರೆ ಸೂಜಿ ತಾನಾಗಿ ಬೆರಳಿಗೆ ಬರಬೇಕು. ಮರುದಿನ ರಾಜನಿಗೆ ಜ್ವರ ಬಂದು ಒಂದೇ ಒಂದು ಆಟಕ್ಕೆ ನಾನೇ ಕಿರೀಟ ಇಟ್ಟೆ. ಕಾವಲುಗಾರ ಅಂದು ಮೂರನೇ ಸಾಲಿನಲ್ಲಿದ್ದನಂತೆ. ನೆನಪಿಟ್ಟಿದ್ದಾನೆ, ಪುಣ್ಯಾತ್ಮ.

ಊಟಕ್ಕೆ ಕೂತಾಗ ಅಳಿಯನಿಗೆ ಏಳು ತೂತಿನ ಸುದ್ದಿ ಹೇಳಿದೆ. ಅವನು ಅತ್ತೆಗೆ ಹೀಲಿಯಂ ತುಂಬುವವನು. ಎಷ್ಟು ಸೋರಿತು ಎಂದು ಮೊದಲು ತಿಳಿಯುವುದು ಅವನಿಗೇ.

"ಹೌದಾ ಮಾವ?" ಅಂದ. ಅಷ್ಟೇ. ತಟ್ಟೆಯಿಂದ ತಲೆ ಎತ್ತಲಿಲ್ಲ.

ಏಕೆ ಎತ್ತಲಿಲ್ಲ?

ಫೆಬ್ರುವರಿ ೧೦, ಸೋಮವಾರ

ಅಬ್ಬಾ, ಏನು ಕಂಡೆ!

ಇಪ್ಪತ್ತೆರಡನೆಯ ಪಟ್ಟಿಯ ಹೊಲಿಗೆಯ ಪಕ್ಕ ಒಂದು ತೇಪೆ. ನನ್ನದಲ್ಲ. ನನ್ನ ಪುಸ್ತಕದಲ್ಲಿ ಅದಕ್ಕೆ ಸಂಖ್ಯೆ ಇಲ್ಲ, ಸುತ್ತ ಸೀಮೆಸುಣ್ಣದ ಗುರುತಿಲ್ಲ. ಅದಕ್ಕಿಂತ ಮಿಗಿಲಾಗಿ, ಅದಕ್ಕೆ ಮೂಲೆಗಳಿವೆ. ನಾಲ್ಕು ಮೂಲೆ! ತೇಪೆಯನ್ನು ಯಾವಾಗಲೂ ದುಂಡಗೆ ಕತ್ತರಿಸಬೇಕು. ಮೂಲೆ ಇದ್ದರೆ ಅಲ್ಲಿಂದಲೇ ಎದ್ದುಬರುತ್ತದೆ. ಇದು ದರ್ಜಿಯ ಕೈಯಲ್ಲ. ಬಟ್ಟೆಯ ಗಂಧವಿಲ್ಲದ ಯಾರೋ, ಗಡಿಬಿಡಿಯಲ್ಲಿ, ಕದ್ದು ಹಾಕಿದ್ದು.

ಚುಚ್ಚುವವನು ತೇಪೆ ಏಕೆ ಹಾಕಬೇಕು? ಅರ್ಧ ಗಂಟೆ ಏಣಿಯ ಮೇಲೆ ಕೂತು ಯೋಚಿಸಿದೆ. ಹೊಳೆಯಿತು. ಬೇಕಾದ ದಿನ ಕೀಳಲು! ಶತ್ರು ಬರುವ ಹೊತ್ತಿಗೆ ಸರಿಯಾಗಿ ಮೂಲೆ ಹಿಡಿದು ಎಳೆದರೆ ಸಾಕು. ಆಹಾ, ಎಂಥ ಖಳನಾಯಕ! ರಂಗದ ಮೇಲಾಗಿದ್ದರೆ ಚಪ್ಪಾಳೆ ತಟ್ಟುತ್ತಿದ್ದೆ.

ಇಂದು ಒಂದಕ್ಕೆ ಎರಡು ಸಲ ಕೇಳಿದೆ. ಕೆನ್ನೆ ಇನ್ನೂ ಗಟ್ಟಿಯಾಗಿ ಒತ್ತಿ.

ಫೆಬ್ರುವರಿ ೧೧, ಮಂಗಳವಾರ

ಹದಿಮೂರು ತೂತು. ಎಲ್ಲವೂ ನಿನ್ನೆ ಕೇಳಿದ ಜಾಗದಲ್ಲೇ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನು ಹೋಗಲಿಲ್ಲ. ಸಿಲಿಂಡರುಗಳ ಹಿಂದೆ ಟಾರ್ಪಾಲಿನ ಮರೆಯಲ್ಲಿ ನಿಂತೆ. ಒಬ್ಬ ಬಂದ. ಮೆತ್ತನೆಯ ಅಟ್ಟೆಯ ಬೂಟು. ನನ್ನ ಏಣಿಯನ್ನೇ ಎಳೆದುಕೊಂಡು ಹತ್ತಿದ. ಎಡಗೈಯಿಂದ ಅತ್ತೆಯ ಮೈ ಸವರಿ, ಬಲಗೈಯಿಂದ ಏನನ್ನೋ ಒತ್ತಿದ. ಇಳಿದು, ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಏನೋ ಬರೆದುಕೊಂಡ.

ನನ್ನ ಅಳಿಯ.

ಪರದೆ ಬೀಳಲಿ, ದೀಪ ಆರಲಿ. ಇನ್ನು ಬರೆಯಲಾರೆ.

ಫೆಬ್ರುವರಿ ೧೨, ಬುಧವಾರ

ಬರೆಯುತ್ತೇನೆ. ಬರೆಯದೆ ಇರಲಾರೆ.

ಈ ಮನುಷ್ಯನನ್ನು ಕೈಯಾರೆ ಮನೆ ತುಂಬಿಸಿಕೊಂಡೆ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಎದುರು ಮಾತಾಡಿಲ್ಲ. ಆಗಲೇ ಅನುಮಾನ ಬರಬೇಕಿತ್ತು! ಎದುರು ಮಾತಾಡದ ಅಳಿಯನುಂಟೇ ಲೋಕದಲ್ಲಿ? ನನ್ನ ನಾಟಕದ ಕಥೆಗಳನ್ನು ಹತ್ತು ಸಲ ಹೇಳಿದರೂ ಹತ್ತನೆಯ ಸಲವೂ "ಆಮೇಲೆ ಏನಾಯ್ತು ಮಾವ?" ಎನ್ನುತ್ತಾನೆ. ಯಾರು ಹಾಗೆ ಕೇಳುತ್ತಾರೆ? ಗೂಢಚಾರರು ಕೇಳುತ್ತಾರೆ.

ಮಗಳು ಬಸ್ ಓಡಿಸುತ್ತಾಳೆ. ಅವಳ ಮಾತಿಗೆ ಹಾರ್ನಿನ ಅಗತ್ಯವಿಲ್ಲ. ಇಂದು ಬೆಳಗ್ಗೆ, "ಏನಪ್ಪಾ, ಅವರನ್ನ ಹಂಗ್ ನೋಡ್ತೀಯ? ಟಿಕೆಟ್ ಇಲ್ದೆ ಹತ್ತಿದೋರನ್ನ ನೋಡಿದಂಗೆ?" ಅಂದಳು.

"ಏನಿಲ್ಲ ತಾಯಿ," ಎಂದೆ. ಪಾಪದ ಹುಡುಗಿ. ಅವಳಿಗೇನು ಗೊತ್ತು.

ಫೆಬ್ರುವರಿ ೧೭, ಸೋಮವಾರ

ಪುಸ್ತಕ ನನ್ನ ಕೈಯಲ್ಲಿದೆ. ಅವನು ಸ್ನಾನಕ್ಕೆ ಹೋದಾಗ ಅಂಗಿಯ ಜೇಬಿನಿಂದ ತೆಗೆದೆ. ಕದ್ದೆ ಎನ್ನಲಾರೆ, ವಶಪಡಿಸಿಕೊಂಡೆ.

ಒಳಗೆ ಬರೀ ಅಂಕಿಗಳು. 'ಎಡ ೧೪, ಎರಡನೇ ಹೊಲಿಗೆ. ಎಡ ೧೫, ಭುಜದ ಎತ್ತರ. ಎಡ ೧೭, ಭುಜದ ಎತ್ತರ.' ದಿನಾಂಕದ ಸಮೇತ! ಪುಟದ ನಂತರ ಪುಟ. ಅತ್ತೆಯ ಮೈಯ ನಕ್ಷೆ! ಎಲ್ಲಿ ಚುಚ್ಚಿದರೆ ಎಷ್ಟು ಸೋರುತ್ತದೆ ಎಂಬ ಲೆಕ್ಕ. ಇದನ್ನು ಯಾರಿಗೆ ಕೊಡುತ್ತಾನೆ? ಗುಡ್ಡದ ಆಚೆಯವರಿಗಲ್ಲದೆ ಮತ್ತಾರಿಗೆ?

ಒಂದು ಕಡೆ ಮಗಳು, ಒಂದು ಕಡೆ ಇಡೀ ಊರು. ನಾನು ಹೊಲಿದ ಪೋಷಾಕು ತೊಟ್ಟು ಎಷ್ಟು ಜನ ಈ ದೃಶ್ಯವನ್ನು ಆಡಿಲ್ಲ! ಕರ್ತವ್ಯವೋ ಕರುಳೋ? ಪ್ರತಿ ಸಲವೂ ಕರ್ತವ್ಯವೇ ಗೆಲ್ಲುತ್ತಿತ್ತು, ಸಭೆ ಅಳುತ್ತಿತ್ತು, ನಾನು ಪರದೆಯ ಹಗ್ಗ ಹಿಡಿದು ಅಳುತ್ತಿದ್ದೆ.

ಫೆಬ್ರುವರಿ ೧೮, ಮಂಗಳವಾರ

ಶೆಡ್ಡಿನ ದೊಡ್ಡ ಸಾಹೇಬರ ಮೇಜಿನ ಮೇಲೆ ಪುಸ್ತಕ ಇಟ್ಟೆ. ಏಣಿಯ ಸಂಗತಿ, ಮೂಲೆಯ ತೇಪೆಯ ಸಂಗತಿ, ಎಲ್ಲ ಹೇಳಿದೆ. ದನಿ ಎಲ್ಲೂ ಒಡೆಯಲಿಲ್ಲ. ಹೊರಗಿನ ಪಡಸಾಲೆಯವರೆಗೂ ಕೇಳಿಸಿತಂತೆ.

"ನಿಮ್ಮ ಅಳಿಯನೇ ಅಲ್ವಾ?" ಎಂದು ಸಾಹೇಬರು ಎರಡು ಸಲ ಕೇಳಿದರು.

"ಹೌದು ಸಾಹೇಬರೇ. ಅದಕ್ಕೇ ನಾನೇ ಬಂದೆ!" ಎಂದೆ.

ಚೆನ್ನಾಗಿ ಹೇಳಿದೆ ಎಂದು ಆ ಕ್ಷಣ ಅನ್ನಿಸಿತು.

ಫೆಬ್ರುವರಿ ೧೯, ಬುಧವಾರ

ಅವನನ್ನು ಕೆಲಸದಿಂದ ನಿಲ್ಲಿಸಿದರು. ಮನೆ ಬಿಟ್ಟು ಹೋಗುವಂತಿಲ್ಲ. ಇಪ್ಪತ್ತೆಂಟಕ್ಕೆ ವಿಚಾರಣೆ. ದೋಷ ಸಾಬೀತಾದರೆ ಹತ್ತು ವರ್ಷ ಎಂದು ಕಾವಲುಗಾರ ಹೇಳಿದ. ಇಂದು ಅವನು ಮಹಾರಾಜ ಎನ್ನಲಿಲ್ಲ.

ಪುಸ್ತಕ ಏನೆಂದು ಕೇಳಿದ್ದಕ್ಕೆ ಅಳಿಯ ಬಾಯಿ ಬಿಡಲಿಲ್ಲವಂತೆ. ಮನೆಗೆ ಬಂದು ಬೂಟು ಕಳಚುತ್ತ ನನ್ನತ್ತ ನೋಡಿದ.

"ಯಾರು ಕೊಟ್ಟದ್ದು ಅಂತ ಗೊತ್ತು ಮಾವ," ಅಂದ. "ಅವಳಿಗೆ ಹೇಳಿಲ್ಲ."

ಫೆಬ್ರುವರಿ ೨೪, ಸೋಮವಾರ

ಇಂದು ಇಡೀ ಅತ್ತೆಗೆ ಕಿವಿಯಿಟ್ಟೆ. ಎಡ, ಬಲ, ಬಾಲ. ಎರಡು ಸುತ್ತು. ಎಂಟು ಗಂಟೆ ಏಣಿಯ ಮೇಲೆ. ಕತ್ತು ತಿರುಗಿಸಲಾಗುತ್ತಿಲ್ಲ. ಒಂದು ಸದ್ದಿಲ್ಲ! ಖಳ ಮನೆಯಲ್ಲಿ ಕೂತಿದ್ದಾನೆ, ಅತ್ತೆ ಸುಖವಾಗಿದ್ದಾಳೆ. ನಾಳೆ ಸೋಪಿನ ನೀರು ಹಚ್ಚಿದಾಗ ಎಲ್ಲರೂ ನೋಡಲಿ.

ಮಗಳಿಗೆ ಗೊತ್ತಾಗಿದೆ. ಯಾರು ಹೇಳಿದರೋ. ಮೂರು ದಿನದಿಂದ ಮಾತಿಲ್ಲ. ಊಟ ಬಡಿಸಿ ತಟ್ಟೆಯನ್ನು ಮೇಜಿನ ಮೇಲೆ ಇಡುವ ಸದ್ದಿನಲ್ಲೇ ಎಲ್ಲ ಇದೆ.

ಫೆಬ್ರುವರಿ ೨೫, ಮಂಗಳವಾರ

ನಲವತ್ತೊಂದು.

ನಲವತ್ತೊಂದು ತೂತು. ಎರಡೂ ಮೈಗೆ. ಸೋಪಿನ ಗುಳ್ಳೆ ಎದ್ದು ಎದ್ದು ಅತ್ತೆಗೆ ಸಿಡುಬು ಬಂದಂತೆ ಕಂಡಿತು. ನಾಳೆ ಏರಿಸುವಂತಿಲ್ಲ. ಊರು ಕುರುಡಾಗಿ ಕೂತಿದೆ.

ಅಂದರೆ ಅವನಿಗೆ ಜೊತೆಗಾರನಿದ್ದಾನೆ. ಯಾರು? ಸೋಪು ಹಚ್ಚುವ ಇಬ್ಬರು ಹೆಂಗಸರೇ? ಹಗ್ಗದ ಯಂತ್ರದವನೇ? ಕಾವಲುಗಾರ ಜೇಬು ಮಾತ್ರ ನೋಡುತ್ತಾನೆ, ಏಕೆ? ಸಾಹೇಬರೇ ಇರಬಹುದೇ? ಶೆಡ್ಡಿನ ಬೆಕ್ಕು ನನ್ನನ್ನು ನೋಡಿ ಕಣ್ಣು ಮುಚ್ಚಿತು.

"ಅವನು ಮೊದಲೇ ಮಾಡಿಟ್ಟಿದ್ದನೇನೋ," ಎಂದರು ಸಾಹೇಬರು. ನಾನೂ ತಲೆಯಾಡಿಸಿದೆ. ಆದರೆ ನಿನ್ನೆ ಕೇಳಿದ ಕಿವಿ ಇದು. ನಿನ್ನೆ ಅಲ್ಲಿ ತೂತಿರಲಿಲ್ಲ. ನಾನು ಸುಳ್ಳೋ, ಸೋಪು ಸುಳ್ಳೋ?

ಅಳಿಯ ಬಾಗಿಲಲ್ಲೇ ಕಾದಿದ್ದ. "ಇವತ್ತು ಎಷ್ಟು ಮಾವ?"

ಉತ್ತರಿಸಬಾರದಿತ್ತು. ಉತ್ತರಿಸಿದೆ.

ಅವನು ಕಣ್ಣು ಮುಚ್ಚಿಕೊಂಡ. "ಇಷ್ಟೊಂದಾ," ಅಂದ, ಯಾರೋ ಬೇಕಾದವರಿಗೆ ಕಾಯಿಲೆ ಜೋರಾಯಿತು ಎಂದು ಕೇಳಿದವನ ಹಾಗೆ.

ಫೆಬ್ರುವರಿ ೨೭, ಗುರುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಗ್ಗೆ ಎಂಟು ಗಂಟೆ. ನಾನು ಅಡುಗೆಮನೆಯ ಕಿಟಕಿಯ ಹತ್ತಿರ ಕೂತಿದ್ದೆ. ಮಗಳು ಅಳಿಯನ ಬಿಳಿ ಅಂಗಿ ತಂದು ನನ್ನ ತೊಡೆಯ ಮೇಲೆ ಎಸೆದಳು. ವಾರದ ನಂತರ ಅವಳ ಮೊದಲ ಮಾತು.

"ನಾಳೆ ವಿಚಾರಣೆಗೆ ಹಾಕ್ಕೊಂಡು ಹೋಗಬೇಕು. ಗುಂಡಿ ನೇತಾಡ್ತಿದೆ. ಜೈಲಿಗೆ ಕಳಿಸೋನು ನೀನೇ, ನೆಟ್ಟಗೆ ಹೊಲಿದು ಕಳ್ಸು."

ಅಳಿಯ ಎದುರು ಟೀ ಕುಡಿಯುತ್ತಿದ್ದ. ನಾನು ಅಂಗಿ ಹಿಡಿದೆ. ಗುಂಡಿಯನ್ನು ಎಡಗೈ ಹೆಬ್ಬೆರಳಿನಲ್ಲಿ ಒತ್ತಿದೆ. ಬಲಗೈ ತಾನಾಗಿ ಕುತ್ತಿಗೆಗೆ ಹೋಯಿತು, ಕಾಲರಿನ ಒಳಗಿನಿಂದ ಸೂಜಿ ಎಳೆಯಿತು. ಬಿಳಿ ದಾರ ಪೋಣಿಸಿಯೇ ಇತ್ತು. ಎರಡು ಹೊಲಿಗೆ ಹಾಕಿದೆ.

ಎದುರಿನ ಲೋಟ ಮೇಜಿನ ಮೇಲೆ ಟಕ್ ಎಂದಿತು.

"ಮಾವ. ಅದೇನು?"

"ಸೂಜಿ."

"ಎಲ್ಲಿತ್ತು?"

"ಎಲ್ಲಿರುತ್ತೆ? ಕಾಲರ್‌ನಲ್ಲಿ."

"ಯಾವಾಗಲೂ?"

"ನಲವತ್ತು ವರ್ಷದಿಂದ—" ಎಂದು ಗುರುಗಳ ಮಾತು ಹೇಳಲು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ಉಳಿಯಿತು.

ದಿನವೂ ಸ್ನಾನ ಮಾಡಿ ಅಂಗಿ ಬದಲಿಸುವಾಗ ಸೂಜಿಯನ್ನೂ ಹೊಸ ಅಂಗಿಯ ಕಾಲರಿಗೆ ದಾಟಿಸುತ್ತೇನೆ. ದಾಟಿಸುತ್ತೇನೆ ಎಂಬುದು ನನಗೇ ಗೊತ್ತಿರಲಿಲ್ಲ. ಮೂಗಿನ ಮೇಲೆ ಕನ್ನಡಕವಿಟ್ಟುಕೊಂಡು ಕನ್ನಡಕ ಹುಡುಕುವವರು ಹುಡುಕುವುದನ್ನಾದರೂ ಮಾಡುತ್ತಾರೆ. ನಾನು ಹುಡುಕಿಯೂ ಇರಲಿಲ್ಲ. ಏಣಿ ಹತ್ತಿ, ಕೆನ್ನೆ ಒತ್ತಿ, ಕುತ್ತಿಗೆ ಒತ್ತಿ, ಕಿವಿಯಿಟ್ಟು, ಉಸಿರು ಹಿಡಿದು... ಭುಜದ ಎತ್ತರದಲ್ಲಿ. ಸೂಜಿಮೊನೆಯ ತೂತಿನ ಸದ್ದು ನನ್ನ ಈ ಕಿವಿಗೂ ಮುಟ್ಟುವಷ್ಟು ದೊಡ್ಡದಲ್ಲ, ಸೋಪಿಗೆ ಮಾತ್ರ ಸಿಗುವಂಥದ್ದು.

ಅಳಿಯ ನಗಲು ಶುರು ಮಾಡಿದ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ಅದು ನಗೆಯಾಗಿ ಉಳಿಯಲಿಲ್ಲ.

"ನೀವು ಕಿವಿ ಇಟ್ಟ ಕಡೆಯೆಲ್ಲ ತೂತು ಮಾವ. ಎರಡು ತಿಂಗಳಿಂದ ನೋಡ್ತಿದೀನಿ. ಬೇಕಂತಲೇ ಮಾಡ್ತಿದೀರಿ ಅಂದ್ಕೊಂಡೆ. ಹೊಸ ಬಟ್ಟೆ ಬಂದ್ರೆ ಕೆಲಸ ಹೋಗುತ್ತೆ, ನಿಮ್ಮ ಕೈ ಇಲ್ದೆ ಆಗಲ್ಲ ಅಂತ ತೋರಿಸೋಕೆ. ನೀವು ಎಲ್ಲೆಲ್ಲಿ ಕೇಳ್ತೀರಿ ಅಂತ ಬರ್ಕೊಂಡು, ಊಟದ ಹೊತ್ತಲ್ಲಿ ಹೋಗಿ ಆದಷ್ಟು ಮುಚ್ತಿದ್ದೆ."

"ನಾನು? ಅತ್ತೆಯನ್ನು? ಬೇಕಂತ?" ಎಂದೆ.

"ನೀವು ನನ್ನನ್ನ ಅಂದ್ಕೊಳ್ಲಿಲ್ವಾ?"

ಮಗಳು ಒಲೆಯ ಹತ್ತಿರ ನಿಂತು ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದಳು. "ಇವರು ನೀನು ಕಳ್ಳ ಅಂದ್ಕೊಂಡು ಮುಚ್ಚಿಟ್ರು. ನೀನು ಇವರು ಕಳ್ಳ ಅಂದ್ಕೊಂಡು ಬಿಚ್ಚಿಟ್ಟೆ," ಅಂದಳು. ಬಸ್ಸಿನ ಬೀಗದ ಕೈ ತೆಗೆದುಕೊಂಡು ಕೆಲಸಕ್ಕೆ ಹೊರಟುಹೋದಳು.

ಗುಂಡಿ ಹೊಲಿದು ಮುಗಿಸಿದೆ. ನಾಲ್ಕು ಸುತ್ತು ಸಾಕಿತ್ತು, ಹನ್ನೆರಡು ಹಾಕಿದೆ.

"ನಾಳೆ ನೀವು ಏನೂ ಹೇಳಬೇಡಿ ಮಾವ," ಅಂದ ಅಳಿಯ. "ಈ ವಯಸ್ಸಲ್ಲಿ ನಿಮ್ಮನ್ನ ಒಳಗೆ ಹಾಕಿದ್ರೆ? ನಾನು ಹೆಂಗೋ ನೋಡ್ಕೋತೀನಿ."

ಫೆಬ್ರುವರಿ ೨೮, ಶುಕ್ರವಾರ

ಹೋದೆ. ಕರೆದಿರಲಿಲ್ಲ, ಹೋದೆ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. 'ಮಹನೀಯರೇ, ಅಪರಾಧಿ ನಿಮ್ಮೆದುರು ನಿಂತಿದ್ದಾನೆ' ಎಂದು ಆರಂಭ. ಉದ್ದ ಮೇಜು, ಮೂವರು ಅಧಿಕಾರಿಗಳು, ಒಂದು ಫ್ಯಾನು. ಅಳಿಯ ಬಿಳಿ ಅಂಗಿಯಲ್ಲಿ ಎದುರು ನಿಂತಿದ್ದ. ಬಾಗಿಲಲ್ಲಿ ನನ್ನನ್ನು ನೋಡಿ ಬೇಡವೆಂದು ತಲೆಯಾಡಿಸಿದ.

ನಾನು ಮಾತಾಡಿದೆ.

"ಸ್ವಲ್ಪ ಜೋರಾಗಿ ಹೇಳಿ," ಎಂದರು ನಡುವಿನ ಅಧಿಕಾರಿ. "ಕೇಳಿಸ್ತಿಲ್ಲ."

ಮೈಕ್ ಇಲ್ಲದೆ ಕೊನೆಯ ಸಾಲಿಗೆ ಮುಟ್ಟಿದ ಗಂಟಲು. ಮತ್ತೆ ಹೇಳಿದೆ. "ನಾನೇ ಚುಚ್ಚಿದ್ದು. ಗೊತ್ತಿಲ್ಲದೆ. ಅವನು ಮುಚ್ಚುತ್ತಿದ್ದ." ಸೂಜಿ ತೆಗೆದು ಮೇಜಿನ ಮೇಲಿಟ್ಟೆ. ಅಷ್ಟು ದೊಡ್ಡ ಮೇಜಿನ ಮೇಲೆ ಅದು ಎಲ್ಲಿದೆ ಎಂದು ಅವರು ಕನ್ನಡಕ ಹಾಕಿಕೊಂಡು ಹುಡುಕಬೇಕಾಯಿತು. ದಾರ ಇದ್ದದ್ದರಿಂದ ಸಿಕ್ಕಿತು.

ನಂಬಲಿಲ್ಲ. ಅಳಿಯನನ್ನು ಉಳಿಸಲು ಕಟ್ಟಿದ ನಾಟಕ ಎಂದರು. ಅವರಲ್ಲೊಬ್ಬರು ನನ್ನ ಹಿನ್ನೆಲೆ ಓದಿಕೊಂಡಿದ್ದರು. ಕೊನೆಗೆ ಅತ್ತೆಯ ಬಟ್ಟೆಯದೇ ತೂತಿಲ್ಲದ ತುಂಡೊಂದನ್ನು ಚೌಕಟ್ಟಿಗೆ ಬಿಗಿದು ತಂದರು. ಸೂಜಿಯನ್ನು ಎಂದಿನಂತೆ ಸಿಕ್ಕಿಸಿಕೊಂಡು ಎಂದಿನಂತೆ ಕೇಳು ಎಂದರು. ಕಿವಿಯಿಟ್ಟೆ. ಯಾವ ಸದ್ದೂ ಇಲ್ಲ. ಹಿಂದೆ ಸರಿದೆ. ಚೌಕಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದರು.

ಒಂದು ಚುಕ್ಕೆ ಬೆಳಕು.

ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮಾರ್ಚ್ ೧೦, ಸೋಮವಾರ

ಅಳಿಯನಿಗೆ ಕೆಲಸ ವಾಪಸು ಬಂತು. ದಾಖಲೆ ಇಲ್ಲದೆ ತೇಪೆ ಹಾಕಿದ್ದಕ್ಕೆ ಎಚ್ಚರಿಕೆಯ ಪತ್ರ. ನನ್ನನ್ನು ತೆಗೆದರು. ಸೂಜಿಯನ್ನು ಮೊಹರು ಹಾಕಿ ಇಟ್ಟುಕೊಂಡಿದ್ದಾರೆ. ತಾರಸಿಯಿಂದ ನೋಡಿದರೆ ಅತ್ತೆ ಕಾಣುತ್ತಾಳೆ. ಇಂದು ಮಧ್ಯಾಹ್ನ ಇಳಿಸುತ್ತಾರೆ.

ಗೇಟಿನಲ್ಲಿ ಈಗ ಎಲ್ಲರ ಕಾಲರ್ ಎತ್ತಿ ನೋಡುತ್ತಾರಂತೆ. ಕಾವಲುಗಾರ ಪ್ರತಿಯೊಬ್ಬರಿಗೂ "ಮಹಾರಾಜರ ಆಜ್ಞೆ!" ಎಂದು ಕೂಗಿಯೇ ಎತ್ತುವುದಂತೆ. ಅಳಿಯ ಹೇಳಿ ನಕ್ಕ. ಮಗಳೂ ಸ್ವಲ್ಪ ನಕ್ಕಳು, ಆಮೇಲೆ ನಾನಿರುವುದು ನೆನಪಾಗಿ ನಿಲ್ಲಿಸಿದಳು.

ತೇಪೆಗೆ ಮೂಲೆ ಬಿಡಬೇಡ ಎಂದು ಅವನಿಗೆ ದುಂಡಗೆ ಕತ್ತರಿಸುವುದನ್ನು ಹೇಳಿಕೊಟ್ಟೆ. ಮೂರು ಹಾಳಾದವು. ನಾಲ್ಕನೆಯದು ಪರವಾಗಿಲ್ಲ.

ಬೆಳಗ್ಗೆ ಹೊರಡುವಾಗ ಬಾಗಿಲಲ್ಲಿ ಅವನ ಕಾಲರ್ ಎತ್ತಿ ನೋಡಿ ಕಳಿಸಿದೆ. ಅವನು ಬೂಟು ಹಾಕಿಕೊಂಡವನು ಮತ್ತೆ ಒಳಗೆ ಬಂದು ನನ್ನ ಕಾಲರ್ ಎತ್ತಿ ನೋಡಿದ. ನಾನು ಮನೆಯಲ್ಲೇ ಇರುವವನು. ಆದರೂ ಕತ್ತು ಬಗ್ಗಿಸಿ ನಿಂತೆ.